ಹನಿ ಪೈಪ್ ಬೇಗ ಬಂತು, ಕತ್ತರಿ ಯಾಕೆ ತಡವಾಯ್ತು?

ಅರಸೀಕೆರೆಯಿಂದ ಕಡೂರಿನ ಕಡೆಗೆ ಹೋಗುವಾಗ ತೆಂಗಿನ ತೋಟಗಳ ನಡುವೆ ಅಲ್ಲಲ್ಲಿ ದಾಳಿಂಬೆ ಕಾಣುತ್ತದೆ. ಯಾವುದಾದರೂ ಒಂದು ತೋಟದ ಒಳಗೆ ಹೋಗಿ ನೋಡಿ. ಸಾಲು ಸಾಲಿಗೂ ಹನಿ ನೀರಾವರಿ ಪೈಪ್ ಎಳೆದಿರುತ್ತಾರೆ. ಬೋರ್‌ವೆಲ್ ಪಕ್ಕ ಫಿಲ್ಟರ್ ಇರುತ್ತದೆ, ಗೊಬ್ಬರ ಕರಗಿಸಿ ಬಿಡುವ ಟ್ಯಾಂಕ್ ಇರುತ್ತದೆ. ತಳಿಯೂ ಒಳ್ಳೆಯದೇ. ಆದರೆ ಎಷ್ಟೋ ತೋಟಗಳಲ್ಲಿ ಗಿಡದ ಬುಡದಲ್ಲಿ ಕಪ್ಪು ಚುಕ್ಕೆ ಬಿದ್ದು ಸೀಳಿದ ಕಾಯಿಗಳು ಹಾಗೇ ಕೊಳೆಯುತ್ತಿರುತ್ತವೆ. ಆ ಕಾಯಿಗಳನ್ನು ಆರಿಸಿ ಹೊರಗೆ ಸಾಗಿಸಿ ಸುಡಬೇಕು ಅಂತ ಪ್ರತಿ ತರಬೇತಿಯಲ್ಲೂ ಹೇಳುತ್ತಾರೆ. ಅದಕ್ಕೆ ಯಾವ ಔಷಧಿಯನ್ನೂ ಕೊಳ್ಳಬೇಕಿಲ್ಲ.

ಅಷ್ಟು ಖರ್ಚಿನ ಪೈಪನ್ನು ಹಾಕಿಸಿದ ರೈತರೇ ಈ ಕಡಿಮೆ ಖರ್ಚಿನ ಕೆಲಸವನ್ನು ಬಿಡುತ್ತಾರೆ. ಯಾಕೆ?

ಸಾಮಾನ್ಯವಾಗಿ ಸಿಗುವ ಉತ್ತರ ಒಂದೇ: "ರೈತರಿಗೆ ತಿಳಿವಳಿಕೆ ಇಲ್ಲ." ಈ ಉತ್ತರವನ್ನು ನಾನು ಒಪ್ಪುವುದಿಲ್ಲ. ದಾಳಿಂಬೆ ಬೆಳೆಯುವವರನ್ನು ಮಾತಾಡಿಸಿ ನೋಡಿ. ರೋಗದ ಹೆಸರು, ಔಷಧಿಯ ಹೆಸರು, ಎಷ್ಟು ಲೀಟರಿಗೆ ಎಷ್ಟು ಗ್ರಾಂ ಎಂಬುದೆಲ್ಲ ಬಾಯಲ್ಲೇ ಇರುತ್ತದೆ. ತಿಳಿದಿದ್ದರೂ ಮಾಡದಿರುವುದಕ್ಕೆ ಬೇರೆ ಕಾರಣಗಳಿವೆ. ಅವು ರೈತರ ತಲೆಯಲ್ಲಿ ಇರುವುದಕ್ಕಿಂತ ಹೆಚ್ಚಾಗಿ ಆ ಪದ್ಧತಿಯ ಗುಣದಲ್ಲೇ ಇವೆ. ಒಂದು ಪದ್ಧತಿಯ ಫಲ ಎಷ್ಟು ಬೇಗ ಕಣ್ಣಿಗೆ ಕಾಣುತ್ತದೆ? ಅದನ್ನು ನಾಲ್ಕು ಗಿಡಕ್ಕೆ ಮಾತ್ರ ಮಾಡಿ ನೋಡಬಹುದಾ? ಕೈಕೊಟ್ಟರೆ ನಷ್ಟ ಯಾರ ತಲೆಗೆ ಬರುತ್ತದೆ? ಈ ಮೂರನ್ನು ಕೇಳಿಕೊಂಡರೆ ಹಣ್ಣಿನ ತೋಟಗಳ ಹೊಸ ಪದ್ಧತಿಗಳಲ್ಲಿ ಯಾವುದು ಓಡುತ್ತದೆ, ಯಾವುದು ಕುಂಟುತ್ತದೆ ಅಂತ ಬಹುಮಟ್ಟಿಗೆ ಹೇಳಿಬಿಡಬಹುದು.

ಜೋಳದ ಹೊಲ ಕಲಿಸಿದ ಪಾಠ

ಹೊಸ ಪದ್ಧತಿ ರೈತರಲ್ಲಿ ಹೇಗೆ ಹರಡುತ್ತದೆ ಎಂಬುದರ ಬಗ್ಗೆ ಎಲ್ಲರೂ ನೆನೆಯುವ ಅಧ್ಯಯನ ಅಮೆರಿಕದ ಅಯೋವಾದ್ದು. ಬ್ರೈಸ್ ರಯಾನ್ ಮತ್ತು ನೀಲ್ ಗ್ರಾಸ್ ಎಂಬ ಸಮಾಜಶಾಸ್ತ್ರಜ್ಞರು ಅದನ್ನು 1943ರಲ್ಲಿ ಪ್ರಕಟಿಸಿದರು. ವಿಷಯ ಹೈಬ್ರಿಡ್ ಮುಸುಕಿನ ಜೋಳ. 1928ರ ಹೊತ್ತಿಗೆ ಅಲ್ಲಿ ಹೈಬ್ರಿಡ್ ಬೀಜ ಬಂದಿತ್ತು. ಇಳುವರಿ ಸುಮಾರು ಶೇ 20ರಷ್ಟು ಜಾಸ್ತಿ. ಆದರೂ ಮೊದಲ ಐದು ವರ್ಷದಲ್ಲಿ ಅದನ್ನು ಬಿತ್ತಿದವರು ಹತ್ತರಲ್ಲಿ ಒಬ್ಬರು ಮಾತ್ರ. ಆಮೇಲೆ ಮೂರೇ ವರ್ಷದಲ್ಲಿ ಹತ್ತರಲ್ಲಿ ನಾಲ್ವರು ಬಿತ್ತಿದರು. 1941ರ ಹೊತ್ತಿಗೆ, ಅವರು ಮಾತಾಡಿಸಿದ 259 ರೈತರಲ್ಲಿ ಇಬ್ಬರನ್ನು ಬಿಟ್ಟು ಉಳಿದವರೆಲ್ಲ ಹೈಬ್ರಿಡ್‌ಗೆ ಬದಲಾಗಿದ್ದರು.

ಈ ಅಧ್ಯಯನದ ಒಳಗೆ ಇನ್ನೊಂದು ವಿಷಯವಿದೆ, ನನಗೆ ಅದೇ ಮುಖ್ಯ. ಬೀಜದ ಸುದ್ದಿಯನ್ನು ರೈತರಿಗೆ ಮೊದಲು ಮುಟ್ಟಿಸಿದವರು ಹೆಚ್ಚಾಗಿ ಬೀಜ ಮಾರುವವರು. ಆದರೆ "ಹಾಗಾದ್ರೆ ನಾನೂ ಬಿತ್ತುತ್ತೇನೆ" ಎಂದು ಮನಸ್ಸು ಮಾಡಿಸಿದವರು ಅಕ್ಕಪಕ್ಕದ ಹೊಲದವರು. ಅಲ್ಲಿನ ರೈತರೂ ಮೊದಲು ಸ್ವಲ್ಪ ಜಾಗದಲ್ಲಿ ಬಿತ್ತಿ ನೋಡಿ, ಆಮೇಲೆ ಹೊಲ ಪೂರ್ತಿ ಹಾಕಿದರು.

ಜೋಳದಲ್ಲಿ ಹಾಗೆ ಮಾಡಬಹುದು. ನಾಲ್ಕು ತಿಂಗಳಲ್ಲಿ ತೆನೆ ಕೈಗೆ ಬರುತ್ತದೆ. ಚೆನ್ನಾಗಿ ಬರದಿದ್ದರೆ ಮುಂದಿನ ಮಳೆಗೆ ಹಳೇ ಬೀಜ ಬಿತ್ತಿದರಾಯ್ತು. ಹಣ್ಣಿನ ಮರದಲ್ಲಿ ಈ ಸೌಕರ್ಯ ಇಲ್ಲ. ಕಸಿ ಮಾವಿನ ಗಿಡ ನೆಟ್ಟರೆ ನಾಲ್ಕೈದು ವರ್ಷ ಕಾಯಬೇಕು. ಅಲ್ಲಿಯವರೆಗೆ ನೀರು, ಗೊಬ್ಬರ, ಬೇಲಿ ಎಲ್ಲಕ್ಕೂ ಕೈಯಿಂದ ಹಾಕಬೇಕು. ಐದನೇ ವರ್ಷ ತಳಿ ತಪ್ಪು ಅಂತ ಗೊತ್ತಾದರೆ ಆ ಐದು ವರ್ಷ ವಾಪಸ್ ಬರುವುದಿಲ್ಲ. ಹೀಗಿರುವಾಗ ಎರಡು ಎಕರೆಯ ರೈತರು "ಅವರದ್ದು ಫಲಕ್ಕೆ ಬರಲಿ, ನೋಡೋಣ" ಅಂದರೆ ಅದನ್ನು ಹಿಂಜರಿಕೆ ಅನ್ನುವುದು ತಪ್ಪು. ಅದು ಲೆಕ್ಕಾಚಾರ.

ಮಲೆನಾಡಿನವರು ಹೊಸದನ್ನು ಒಪ್ಪುವುದಿಲ್ಲ ಎಂಬ ಮಾತಿಗೂ ಹುರುಳಿಲ್ಲ. 20ನೇ ಶತಮಾನದ ಆರಂಭದಲ್ಲಿ ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್ಮನ್ ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣದ ಸಿಂಪಡಣೆಯನ್ನು ತೋರಿಸಿಕೊಟ್ಟರು. ಶೇ 1ರ ದ್ರಾವಣಕ್ಕೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು. ಈ ಅಳತೆ ಇವತ್ತು ಕೊಪ್ಪ, ಶೃಂಗೇರಿಯ ಮನೆಮನೆಯಲ್ಲೂ ಗೊತ್ತು. ಇದು ಊರೂರಿಗೆ ಹಬ್ಬಿದ್ದು ಹೇಗೆ? ಮಳೆಗಾಲದ ಮೊದಲು ಅಡಿಕೆ ಗೊನೆಗೆ ಕೊಟ್ಟೆ, ಅಂದರೆ ಮಳೆ ತಡೆಯುವ ಹೊದಿಕೆ, ಕಟ್ಟುವ ರೂಢಿ ಮೊದಲೇ ಇತ್ತು. ಅಂದರೆ ಮರ ಹತ್ತುವ ಜನ ಇದ್ದರು, ಸಮಯವೂ ಅದೇ. ಕೊಟ್ಟೆಯ ಜಾಗಕ್ಕೆ ದ್ರಾವಣ ಬಂತು ಅಷ್ಟೆ. ಫಲವೂ ಅದೇ ಮಳೆಗಾಲದಲ್ಲಿ ಕಂಡಿತು. ಔಷಧಿ ಹೊಡೆದ ಮರದಲ್ಲಿ ಕಾಯಿ ನಿಂತಿತ್ತು, ಹೊಡೆಯದ ಮರದ ಬುಡದಲ್ಲಿ ಉದುರಿತ್ತು. ಅದನ್ನು ನೋಡೋಕೆ ತರಬೇತಿ ಬೇಕಿರಲಿಲ್ಲ.

ದಾಳಿಂಬೆಯ ಕಪ್ಪು ಚುಕ್ಕೆ

ಈಗ ದಾಳಿಂಬೆಗೆ ಬರೋಣ. ಬಯಲುಸೀಮೆಯ ತಾಲ್ಲೂಕುಗಳಲ್ಲಿ ಜಾಸ್ತಿ ದುಡ್ಡು ತಂದುಕೊಟ್ಟ ಹಣ್ಣು ಇದು. ಜಾಸ್ತಿ ಸಾಲ ಹೊರಿಸಿದ ಹಣ್ಣೂ ಇದೇ. ಕಡೂರು, ಅಜ್ಜಂಪುರ, ಅರಸೀಕೆರೆಯ ಒಣಹವೆ ದಾಳಿಂಬೆಗೆ ಹೇಳಿಮಾಡಿಸಿದ್ದು. ಕಡೂರಿನ ಕಡೆ ವರ್ಷಕ್ಕೆ 600 ಮಿಲಿಮೀಟರ್ ಆಸುಪಾಸು ಮಳೆ. ಅದೇ ಜಿಲ್ಲೆಯ ಶೃಂಗೇರಿಯಲ್ಲಿ 3000 ದಾಟುತ್ತದೆ. ಒಂದೇ ಜಿಲ್ಲೆಗೆ ಒಂದೇ ಸಲಹೆ ಕೊಡೋಕೆ ಆಗುವುದಿಲ್ಲ ಅನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ.

ದುಂಡಾಣು (ಬ್ಯಾಕ್ಟೀರಿಯಾ) ಅಂಗಮಾರಿ ರೋಗ ಎಲೆಯಲ್ಲಿ ನೀರು ತಾಗಿದಂಥ ಸಣ್ಣ ಚುಕ್ಕೆಯಾಗಿ ಶುರುವಾಗುತ್ತದೆ. ಎಲೆಯನ್ನು ಬೆಳಕಿಗೆ ಹಿಡಿದರೆ ಚುಕ್ಕೆಯ ಸುತ್ತ ಒದ್ದೆ ಬಳೆಯಂತೆ ಕಾಣುತ್ತದೆ. ಕೆಲವೇ ದಿನದಲ್ಲಿ ಅದು ಕಂದಾಗಿ, ಕಪ್ಪಾಗುತ್ತದೆ. ಕಾಯಿಯ ಮೇಲೆ ಬಂದಾಗ ಚುಕ್ಕೆ ಉಬ್ಬಿ, ಅಲ್ಲಿಂದಲೇ ಸಿಪ್ಪೆ ಸೀಳುತ್ತದೆ. ಸೀಳಿದ ಕಾಯಿಯನ್ನು ಮಾರುಕಟ್ಟೆಯಲ್ಲಿ ಯಾರೂ ಮುಟ್ಟುವುದಿಲ್ಲ. ಈ ದುಂಡಾಣು ಮಳೆಹನಿಯ ಜೊತೆ ಚಿಮ್ಮಿ ಗಿಡದಿಂದ ಗಿಡಕ್ಕೆ ಹೋಗುತ್ತದೆ. ಕತ್ತರಿಯ ಬಾಯಿಗೆ ಅಂಟಿಕೊಂಡೂ ಹೋಗುತ್ತದೆ. ಉದುರಿದ ಎಲೆ, ಕಾಯಿ, ಕಡ್ಡಿಯಲ್ಲಿ ತಿಂಗಳುಗಟ್ಟಲೆ ಬದುಕಿರುತ್ತದೆ.

ಇದಕ್ಕೆ ಸೂಚಿಸುವ ಕ್ರಮಗಳು ಒಂದರ ಜೊತೆ ಒಂದು ಹೆಣೆದುಕೊಂಡಿವೆ. ದಾಳಿಂಬೆಯಲ್ಲಿ ಹೂ ಬಿಡಿಸುವ ಕಾಲವನ್ನು ಬಹಾರ್ ಅನ್ನುತ್ತಾರೆ. ಜನವರಿ-ಫೆಬ್ರುವರಿಯದ್ದು ಅಂಬೆ ಬಹಾರ್, ಜೂನ್-ಜುಲೈಯದ್ದು ಮೃಗ ಬಹಾರ್, ಸೆಪ್ಟೆಂಬರ್-ಅಕ್ಟೋಬರ್‌ನದ್ದು ಹಸ್ತ ಬಹಾರ್. ರೋಗ ಇರುವ ಕಡೆ ಹಸ್ತ ಬಹಾರ್ ಹಿಡಿಯಿರಿ ಅನ್ನುವುದು ಸಲಹೆ. ಆಗ ಕಾಯಿ ಬೆಳೆಯುವ ಹೆಚ್ಚು ಸಮಯ ಒಣಹವೆಯಲ್ಲಿ ಕಳೆಯುತ್ತದೆ. ಅದಕ್ಕೆ ಮೊದಲು ಗಿಡಕ್ಕೆ ವಿಶ್ರಾಂತಿ ಕೊಡಬೇಕು, ನೀರು ನಿಲ್ಲಿಸಬೇಕು, ಕತ್ತರಿಸಬೇಕು, ಎಲೆ ಉದುರಿಸಬೇಕು. ಉದುರಿದ್ದನ್ನೆಲ್ಲ ಗುಡಿಸಿ ಹೊರಗೆ ಸಾಗಿಸಬೇಕು. ಕತ್ತರಿಯನ್ನು ಗಿಡದಿಂದ ಗಿಡಕ್ಕೆ ಹೋಗುವಾಗ ಸೋಡಿಯಂ ಹೈಪೋಕ್ಲೋರೈಟ್ ದ್ರಾವಣದಲ್ಲಿ ಅದ್ದಬೇಕು.

ಇದರಲ್ಲಿ ಕೊನೆಯ ಕೆಲಸವನ್ನೇ ನೋಡಿ. ಕತ್ತರಿ ಅದ್ದಿದರೆ ಏನಾಯ್ತು ಅಂತ ಕಾಣುವುದೇ ಇಲ್ಲ. ರೋಗ ಬರಲಿಲ್ಲ ಅಂದುಕೊಳ್ಳಿ, ಅದು ಕತ್ತರಿ ಅದ್ದಿದ್ದಕ್ಕಾ, ಈ ವರ್ಷ ಮಳೆ ಕಡಿಮೆ ಆಗಿದ್ದಕ್ಕಾ? ರೋಗ ಬಂತು ಅಂದುಕೊಳ್ಳಿ, ಅದ್ದಿದ್ದು ದಂಡ ಆಯ್ತು ಅನಿಸುತ್ತದೆ. ಕೆಟ್ಟದ್ದು ಆಗದಂತೆ ತಡೆಯುವ ಪದ್ಧತಿಗಳ ದೊಡ್ಡ ಕಷ್ಟ ಇದು. ಅವು ಕೆಲಸ ಮಾಡಿದಾಗ ನೋಡೋಕೆ ಏನೂ ಸಿಗುವುದಿಲ್ಲ. ಹನಿ ಪೈಪ್ ಹಾಗಲ್ಲ. ಹಾಕಿದ ವಾರದಲ್ಲೇ ಬೋರ್‌ವೆಲ್ ನೀರು ಮೊದಲಿಗಿಂತ ಜಾಸ್ತಿ ಗಿಡಕ್ಕೆ ಸಾಲುತ್ತದೆ. ಕಣ್ಣೆದುರಿಗೇ ಲಾಭ. ಮೇಲೆ ಸಹಾಯಧನ ಬೇರೆ, ನಮ್ಮ ರಾಜ್ಯದಲ್ಲಿ ಶೇ 90ರವರೆಗೂ ಸಿಕ್ಕಿದೆ. ಅಂದರೆ ಕೈಕೊಟ್ಟರೂ ರೈತರ ಪಾಲಿನ ನಷ್ಟ ಚಿಕ್ಕದು.

ಸಸಿಯ ವಿಷಯ ಇನ್ನೂ ಸೂಕ್ಷ್ಮ. ದಾಳಿಂಬೆಯನ್ನು ಗೂಟಿ ಕಟ್ಟಿ, ಅಂದರೆ ಗಿಡದಲ್ಲಿರುವ ಕೊಂಬೆಗೇ ಬೇರು ಬರಿಸಿ, ಸುಲಭವಾಗಿ ಗಿಡ ಮಾಡಬಹುದು. ಪಕ್ಕದ ಊರಿನವರ ತೋಟ ಚೆನ್ನಾಗಿ ಬಂದಿದೆ, ಅವರನ್ನೇ ಕೇಳಿ ಗೂಟಿ ತಂದು ನೆಟ್ಟರೆ ನಂಬಿಕೆಯೂ ಇದೆ, ಬೆಲೆಯೂ ಕಡಿಮೆ. ಅಯೋವಾದಲ್ಲಿ ಪಕ್ಕದ ಹೊಲದವರ ಮಾತು ಹೊಸ ಬೀಜವನ್ನು ಹರಡಿತು ಅಂದೆನಲ್ಲ, ಇಲ್ಲಿ ಅದೇ ನಂಟು ಗೂಟಿಯ ಜೊತೆ ರೋಗವನ್ನೂ ಹರಡುತ್ತದೆ. ಆ ತೋಟದಲ್ಲಿ ರೋಗ ಇನ್ನೂ ಹೊರಗೆ ಕಾಣದ ಹಂತದಲ್ಲಿದ್ದರೆ ಕೊಟ್ಟವರಿಗೂ ಗೊತ್ತಾಗುವುದಿಲ್ಲ, ತಂದವರಿಗೂ ಗೊತ್ತಾಗುವುದಿಲ್ಲ. ಆದ್ದರಿಂದಲೇ ರೋಗವಿಲ್ಲದ ತಾಯಿಗಿಡದಿಂದ ಮಾಡಿದ ಸಸಿ ಅಥವಾ ಅಂಗಾಂಶ ಕೃಷಿಯ ಸಸಿ ತನ್ನಿ ಅಂತ ಒತ್ತಿ ಒತ್ತಿ ಹೇಳುವುದು. ಸಸಿಯ ಬೆಲೆ ನೋಡಿ ಹಿಂದೆ ಸರಿಯುವವರಿಗೆ ನಾನು ಹೇಳುವುದು ಇಷ್ಟೇ: ಇಡೀ ತೋಟದಲ್ಲಿ ಉಳಿತಾಯ ಮಾಡಬಾರದ ಜಾಗ ಒಂದಿದ್ದರೆ ಅದು ಸಸಿ.

ಮಾರುವವರು ಇರುವ ಸುಧಾರಣೆ, ಇಲ್ಲದ ಸುಧಾರಣೆ

ಬಾಟಲಿಯಲ್ಲಿ, ಚೀಲದಲ್ಲಿ, ಪೈಪಿನಲ್ಲಿ ಬರುವ ಸುಧಾರಣೆಗೆ ಒಬ್ಬ ಮಾರಾಟಗಾರ ಇರುತ್ತಾನೆ. ಅವನು ಊರಿಗೆ ಬರುತ್ತಾನೆ, ಫೋನ್ ಮಾಡುತ್ತಾನೆ, ಸಾಲಕ್ಕೂ ಕೊಡುತ್ತಾನೆ. ಕೊಂಬೆ ಕತ್ತರಿಸುವುದು, ಕಾಯಿ ವಿರಳ ಮಾಡುವುದು, ಬಿದ್ದ ಹಣ್ಣು ಆರಿಸುವುದು, ಮಣ್ಣು ಪರೀಕ್ಷೆ ಮಾಡಿಸಿ ಗೊಬ್ಬರ ಕಡಿಮೆ ಮಾಡುವುದು, ಇವನ್ನು ಮಾರುವವರು ಯಾರೂ ಇಲ್ಲ. ಗೊಬ್ಬರ ಕಡಿಮೆ ಹಾಕಿ ಅಂತ ಹೇಳೋಕೆ ಗೊಬ್ಬರದ ಅಂಗಡಿಯವರು ಯಾಕೆ ಬರಬೇಕು, ಅಲ್ವಾ? ಹಾಗಾಗಿ ಈ ಎರಡನೇ ಬಗೆಯ ಕೆಲಸಗಳು ಪೂರ್ತಿಯಾಗಿ ಸಾರ್ವಜನಿಕ ಸಂಸ್ಥೆಗಳ ಮೇಲೆ ನಿಂತಿವೆ. ಮೂಡಿಗೆರೆಯ ಮತ್ತು ಹಾಸನ ಹತ್ತಿರದ ಕಂದಲಿಯ ಕೃಷಿ ವಿಜ್ಞಾನ ಕೇಂದ್ರಗಳು, ಮೂಡಿಗೆರೆಯ ತೋಟಗಾರಿಕೆ ಕಾಲೇಜು, ತೋಟಗಾರಿಕೆ ಇಲಾಖೆ, ಬೆಂಗಳೂರು ಹತ್ತಿರದ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ಈ ಕೆಲಸಕ್ಕೇ ಇವೆ. ತೋಟಗಾರಿಕೆ ಪಿತಾಮಹ ಅಂತ ನಾವು ಕರೆಯುವ ಎಂ.ಎಚ್. ಮರೀಗೌಡರು ರಾಜ್ಯದ ಉದ್ದಗಲಕ್ಕೂ ತೋಟಗಾರಿಕೆ ಕ್ಷೇತ್ರ, ನರ್ಸರಿಗಳನ್ನು ಮಾಡಿಸಿದರು. ಅವು ಒಳ್ಳೆಯ ಸಸಿ ಕೊಡುವ ಜಾಗವೂ ಹೌದು, ಬೆಳೆಯನ್ನು ಕಣ್ಣಾರೆ ಕಾಣುವ ಜಾಗವೂ ಹೌದು. ನನ್ನ ಪ್ರಕಾರ ಅಂಥ ಕ್ಷೇತ್ರಗಳನ್ನು ಕಡೆಗಣಿಸುವುದೆಂದರೆ ಮಾರುವವರಿಲ್ಲದ ಸುಧಾರಣೆಗಳ ಕೈಬಿಟ್ಟಂತೆ.

ಬಾಳೆಯಲ್ಲಿ ಇದಕ್ಕೆ ಒಂದು ಚೆಂದದ ಉದಾಹರಣೆ ಇದೆ. ಹೆಸರಘಟ್ಟದ ಸಂಸ್ಥೆ ತೋರಿಸಿಕೊಟ್ಟ ಗೊನೆಗೆ ಊಟ ಕೊಡುವ ಪದ್ಧತಿ ಅದು. ಗೊನೆಯ ಎಲ್ಲ ಚಿಪ್ಪುಗಳು ಬಿಚ್ಚಿಕೊಂಡ ಮೇಲೆ ತುದಿಯಲ್ಲಿ ಬಾಳೆಮೂತಿ ಸುಮ್ನೆ ನೇತಾಡುತ್ತಿರುತ್ತದೆ. ಅದು ಕಾಯಿಗೆ ಹೋಗಬೇಕಾದ ಸತ್ವವನ್ನು ಎಳೆದುಕೊಳ್ಳುತ್ತಿರುತ್ತದೆ. ಅದನ್ನು ಕತ್ತರಿಸಿ ತೆಗೆಯಬೇಕು, ಕೊನೆಯ ಚಿಪ್ಪಿನ ಕೆಳಗೆ ದಿಂಡು ಸ್ವಲ್ಪ ಉದ್ದ ಉಳಿಯಬೇಕು. 7.5 ಗ್ರಾಂ ಯೂರಿಯಾ, 7.5 ಗ್ರಾಂ ಪೊಟ್ಯಾಷಿಯಂ ಸಲ್ಫೇಟ್ ಎರಡನ್ನೂ 100 ಮಿಲಿಲೀಟರ್ ನೀರಿನಲ್ಲಿ ಕರಗಿಸಿ, ಅರ್ಧ ಕಿಲೋ ಹಸಿ ಸಗಣಿಗೆ ಕಲಸಬೇಕು. ಆ ಮುದ್ದೆಯನ್ನು ಗಟ್ಟಿ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, ದಿಂಡಿನ ತುದಿ ಅದರೊಳಗೆ ಮುಳುಗುವಂತೆ ಇಟ್ಟು, ಚೀಲದ ಬಾಯಿಯನ್ನು ದಿಂಡಿಗೆ ಬಿಗಿಯಾಗಿ ಕಟ್ಟಬೇಕು. ಕತ್ತರಿಸಿದ ತುದಿ ಅದನ್ನು ಹೀರಿಕೊಳ್ಳುತ್ತದೆ. ಗೊನೆ ಕಡಿಯುವವರೆಗೆ ಚೀಲ ಹಾಗೇ ಇರಲಿ. ಕಾಯಿ ತುಂಬಿಕೊಂಡು, ಗೊನೆ ತೂಕ ಬರುತ್ತದೆ.

ನಾನು ಮೊದಲು ಹೇಳಿದ ಮೂರು ಪ್ರಶ್ನೆಗೂ ಈ ಪದ್ಧತಿ ಒಳ್ಳೆಯ ಉತ್ತರ ಕೊಡುತ್ತದೆ. ಹತ್ತು ಗೊನೆಗೆ ಕಟ್ಟಿ, ಪಕ್ಕದ ಹತ್ತು ಗೊನೆಯನ್ನು ಹಾಗೇ ಬಿಟ್ಟರೆ ಮೂರು ತಿಂಗಳ ಆಸುಪಾಸಿನಲ್ಲಿ ತಕ್ಕಡಿ ಉತ್ತರ ಹೇಳುತ್ತದೆ. ಕೈಕೊಟ್ಟರೆ ಹೋಗುವುದು ಒಂದು ಹಿಡಿ ಗೊಬ್ಬರ. ಹಾಗಿದ್ದರೂ ಅದು ಎಲ್ಲ ಬಾಳೆ ತೋಟಗಳಲ್ಲಿ ಕಾಣುವುದಿಲ್ಲ. ಒಂದು ಕಾರಣ, ಹೇಳೋಕೆ ಬರುವವರು ಯಾರೂ ಇಲ್ಲದಿರುವುದು. ಇನ್ನೊಂದು, ಪ್ರತಿ ಗೊನೆಗೂ ಏಣಿ ಹಾಕಿ ಸಗಣಿ ಕಲಸಿ ಕಟ್ಟುವ ಆಳು ಬೇಕು. ಸಾವಿರ ಗಿಡದ ತೋಟದಲ್ಲಿ ಗೊನೆಗಳೆಲ್ಲ ಒಂದೇ ದಿನ ಹಾಕುವುದಿಲ್ಲ, ಹಾಗಾಗಿ ವಾರವಾರವೂ ಆ ಕೆಲಸ ಇರುತ್ತದೆ. ಕೂಲಿ ಸಿಗದ ಊರಿನಲ್ಲಿ ಇದು ಸಣ್ಣ ಮಾತಲ್ಲ. ಮಾರುಕಟ್ಟೆಯ ಮಾತೂ ಇದೆ. ಗೊನೆಯನ್ನು ತೂಕ ಮಾಡಿ ಕೊಳ್ಳುವ ಕಡೆ ಈ ಶ್ರಮಕ್ಕೆ ಬೆಲೆ ಇದೆ. ಕಣ್ಣಳತೆಯಲ್ಲಿ ಗೊನೆಗಿಷ್ಟು ಅಂತ ಕೊಳ್ಳುವ ಕಡೆ ಜಾಸ್ತಿ ತೂಕದ ಲಾಭ ಕೊಂಡವರಿಗೆ ಹೋಗುತ್ತದೆ.

ಬಾಳೆಯಲ್ಲಿ ಅಂಗಾಂಶ ಕೃಷಿಯ ಜಿ-9 (ಗ್ರ್ಯಾಂಡ್ ನೈನ್) ತಳಿ ಮಾತ್ರ ಬಲುಬೇಗ ಹರಡಿತು. ವರ್ಷದೊಳಗೆ ಗೊನೆ, ಎಲ್ಲ ಗಿಡವೂ ಹೆಚ್ಚುಕಮ್ಮಿ ಒಟ್ಟಿಗೇ ಕಟಾವಿಗೆ. ಏಲಕ್ಕಿ ಬಾಳೆಯನ್ನು ಕಾಡುವ ಪನಾಮ ಸೊರಗು ರೋಗದ ಕಾಟವೂ ಅದಕ್ಕೆ ಅಷ್ಟಿಲ್ಲ.

ಫಲ ಕೊಡುವ ಮರಕ್ಕೆ ಕತ್ತರಿ

ಮಾವಿನ ಕಥೆ ಬೇರೆ. ಹಳೇ ಪದ್ಧತಿಯಲ್ಲಿ 10 ಮೀಟರ್‌ಗೆ ಒಂದು ಗಿಡ, ಎಕರೆಗೆ 40. ಐದು ಮೀಟರ್ ಅಂತರಕ್ಕೆ ಇಳಿಸಿದರೆ ಎಕರೆಗೆ 160. ಗಿಡ ಜಾಸ್ತಿಯಾದಷ್ಟು ಮೊದಲ ವರ್ಷಗಳಲ್ಲಿ ಇಳುವರಿಯೂ ಜಾಸ್ತಿ. ಆದರೆ ಇದು ನಿಂತಿರುವುದು ಪ್ರತಿ ವರ್ಷ ಕೊಂಬೆ ಸವರುವುದರ ಮೇಲೆ. ಒತ್ತಾಗಿ ನೆಟ್ಟು ಸವರದೇ ಬಿಟ್ಟರೆ ಏಳೆಂಟು ವರ್ಷದಲ್ಲಿ ಕೊಂಬೆ ಕೊಂಬೆಗೆ ತಾಗಿ, ಒಳಗೆ ಬಿಸಿಲು ಬೀಳದೆ, ತುದಿಯಲ್ಲಿ ಮಾತ್ರ ನಾಲ್ಕು ಕಾಯಿ ಉಳಿಯುತ್ತವೆ. ಪ್ಯಾಕೇಜಿನ ಅರ್ಧ ಮಾತ್ರ ತೆಗೆದುಕೊಂಡರೆ ಹಳೇ ಪದ್ಧತಿಗಿಂತ ಕೆಟ್ಟ ಫಲ ಬರುವ ಸಂದರ್ಭ ಇದು. ಅರ್ಧ ಅಳವಡಿಕೆ ಎಂದರೆ ಅರ್ಧ ಲಾಭ ಅಂತ ತಿಳಿಯಬೇಡಿ. ಕೆಲವು ಕಡೆ ಅದು ಪೂರ್ತಿ ನಷ್ಟ.

ಸವರುವುದಕ್ಕೆ ಸಮಯವೂ ಮುಖ್ಯ. ಮಾವು ಬಲಿತ ಚಿಗುರಿನಲ್ಲಿ ಹೂ ಬಿಡುತ್ತದೆ. ಕೊಯ್ಲು ಮುಗಿದ ತಕ್ಷಣ ಸವರಿದರೆ ಹೊಸ ಚಿಗುರು ಬಂದು ಡಿಸೆಂಬರ್-ಜನವರಿಯ ಹೊತ್ತಿಗೆ ಬಲಿಯುತ್ತದೆ. ಕೆಲಸದ ಒತ್ತಡದಲ್ಲಿ ಮುಂದೂಡಿ ಅಕ್ಟೋಬರ್‌ನಲ್ಲಿ ಸವರಿದರೆ ಚಿಗುರು ಎಳೆಯದಾಗಿಯೇ ಉಳಿದು ಆ ವರ್ಷ ಹೂವೇ ಬರದೆ ಹೋಗಬಹುದು. ಹೀಗಾದಾಗ ಊರಿನಲ್ಲಿ ಹಬ್ಬುವ ಸುದ್ದಿ "ತಡವಾಗಿ ಸವರಿದ್ದಕ್ಕೆ ಫಸಲು ಹೋಯ್ತು" ಅಂತಲ್ಲ, "ಸವರಿದ್ದಕ್ಕೆ ಫಸಲು ಹೋಯ್ತು" ಅಂತ. ಒಂದು ಸೋತ ತೋಟದ ಸುದ್ದಿಯನ್ನು ಸರಿಪಡಿಸೋಕೆ ನಾಲ್ಕು ಗೆದ್ದ ತೋಟ ಬೇಕಾಗುತ್ತದೆ.

ಮಲೆನಾಡಿನ ಕಾಫಿ ತೋಟಗಳಲ್ಲಿ ಕತ್ತರಿಗೆ ಯಾರೂ ಹೆದರುವುದಿಲ್ಲ. ಮರಗಸಿ (ನೆರಳಿನ ಮರ ಸವರುವುದು), ಗಿಡಗಸಿ (ಕಾಫಿ ಗಿಡ ಸವರುವುದು), ಕಂಬಚಿಗುರು ತೆಗೆಯುವುದು ವರ್ಷವರ್ಷದ ಕೆಲಸ. ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರ 1925ರಿಂದ ಇದೆ. ತಲೆಮಾರುಗಳಿಂದ ಕೈ ಪಳಗಿದ ಕೆಲಸಗಾರರೂ ಇದ್ದಾರೆ. ಬಯಲುಸೀಮೆಯ ಮಾವಿಗೆ ಅಂಥ ಕೈ ಇಲ್ಲ. ಫಲ ಬಿಡುವ ಕೊಂಬೆಯನ್ನು ಕಡಿಯುವುದಕ್ಕೆ ಮನಸ್ಸೂ ಬರುವುದಿಲ್ಲ. ಅದು ಅರ್ಥವಾಗುವಂಥದ್ದೇ. ಮುದಿ ಮರವನ್ನು ತಲೆ ಕತ್ತರಿಸಿ ಪುನಶ್ಚೇತನ ಮಾಡಿದರೆ ಎರಡು ಮೂರು ವರ್ಷ ಫಸಲು ಇರುವುದಿಲ್ಲ. ಆ ವರ್ಷಗಳ ಮನೆಖರ್ಚಿಗೆ ದಾರಿ ತೋರಿಸದೆ "ಮರ ಕಡಿಯಿರಿ" ಅನ್ನುವ ಸಲಹೆ ಅರ್ಧ ಸಲಹೆ. ಇಡೀ ತೋಟವನ್ನು ಒಂದೇ ವರ್ಷ ಕಡಿಯದೆ, ಸಾಲು ಬಿಟ್ಟು ಸಾಲು ಮಾಡುತ್ತ ಹೋದರೆ ಆದಾಯ ಪೂರ್ತಿ ನಿಲ್ಲುವುದಿಲ್ಲ.

ಇನ್ನೊಂದು ತೊಡಕನ್ನು ತರಬೇತಿಗಳಲ್ಲಿ ಯಾರೂ ಎತ್ತುವುದಿಲ್ಲ. ಮಾವಿನ ತೋಟಗಳನ್ನು ಹೂ ಬಿಟ್ಟಾಗಲೇ ವ್ಯಾಪಾರಿಗೆ ಗುತ್ತಿಗೆ ಕೊಡುವ ರೂಢಿ ಬಹಳ ಕಡೆ ಇದೆ. ಆಮೇಲೆ ಔಷಧಿ, ಕಾವಲು, ಕೊಯ್ಲು ಎಲ್ಲ ವ್ಯಾಪಾರಿಯದ್ದು. ಮರದ ಮುಂದಿನ ವರ್ಷದ ಚಿಂತೆ ಅವನಿಗಿಲ್ಲ, ಈ ವರ್ಷದ ಕಾಯಿಯ ಚಿಂತೆ ತೋಟದವರಿಗಿಲ್ಲ. ತೊಟ್ಟಿನ ಸಮೇತ ಕೊಯ್ಯಿರಿ, ಸೊನೆ ತಾಗಿದರೆ ಹಣ್ಣು ಕಪ್ಪಾಗುತ್ತದೆ ಅಂತ ತೋಟದವರಿಗೆ ಕಲಿಸಿದರೆ ಏನು ಪ್ರಯೋಜನ, ಕೊಯ್ಯುವವರು ಬೇರೆಯವರು ಆಗಿರುವಾಗ?

ಹಣ್ಣುನೊಣ ಇನ್ನೂ ಒಂದು ಹೆಜ್ಜೆ ಮುಂದಿನ ಸಮಸ್ಯೆ. ಮಾಗುತ್ತಿರುವ ಕಾಯಿಯ ಸಿಪ್ಪೆಗೆ ಚುಚ್ಚಿ ನೊಣ ಮೊಟ್ಟೆ ಇಡುತ್ತದೆ. ಹೊರಗೆ ಸೂಜಿಮೊನೆಯಷ್ಟು ಗುರುತು, ಒಳಗೆ ಹುಳು. ಮೀಥೈಲ್ ಯೂಜಿನಾಲ್ ಬಲೆ ಕಟ್ಟಿದರೆ ಗಂಡು ನೊಣಗಳು ಬಂದು ಸಾಯುತ್ತವೆ, ಗಂಡಿಲ್ಲದೆ ಸಂತತಿ ಕಡಿಮೆಯಾಗುತ್ತದೆ. ಅಗ್ಗದ್ದು, ಸುಲಭದ್ದು. ಆದರೆ ಒಬ್ಬರ ತೋಟದಲ್ಲಿ ಬಲೆ ಇದ್ದು, ಬೇಲಿಯಾಚೆ ಬಿದ್ದ ಹಣ್ಣು ಕೊಳೆಯುತ್ತಿದ್ದರೆ ಅಲ್ಲಿಂದ ಹೆಣ್ಣು ನೊಣ ಹಾರಿ ಬರುತ್ತದೆ. ಬಲೆ ಕಟ್ಟಿದವರು "ಇದರಿಂದ ಏನೂ ಆಗಲ್ಲ" ಅಂತ ಕೈಬಿಡುತ್ತಾರೆ. ಇಂಥ ಪದ್ಧತಿಗಳನ್ನು ಒಬ್ಬೊಬ್ಬ ರೈತರಿಗೆ ಹೇಳುವುದೇ ತಪ್ಪು. ಒಂದು ಊರಿನ ತೋಟದವರೆಲ್ಲ ಒಟ್ಟಿಗೆ, ಒಂದೇ ವಾರದಲ್ಲಿ ಮಾಡಿದರೆ ಮಾತ್ರ ಅವು ಕೆಲಸ ಮಾಡುತ್ತವೆ.

ಬೆಣ್ಣೆಹಣ್ಣಿನ ಭರಾಟೆ

ಮೂಡಿಗೆರೆ, ಸಕಲೇಶಪುರ, ಚಿಕ್ಕಮಗಳೂರಿನ ಕಾಫಿ ತೋಟಗಳಲ್ಲಿ ಈಗ ಎಲ್ಲರ ಬಾಯಲ್ಲೂ ಬೆಣ್ಣೆಹಣ್ಣು (ಅವಕಾಡೊ). ಮೊದಲು ನೆರಳಿಗೆ ಅಂತ ಮೂಲೆಯಲ್ಲಿ ಒಂದೆರಡು ಮರ ಇರುತ್ತಿದ್ದವು, ಹಣ್ಣು ಬಿದ್ದರೆ ಕೇಳುವವರಿರಲಿಲ್ಲ. ಬೆಲೆ ಬಂದ ಮೇಲೆ ಕಸಿ ಗಿಡಕ್ಕೆ ನೂಕುನುಗ್ಗಲು. ಇಲ್ಲಿ ನಿಜಕ್ಕೂ ತಿಳಿಯಬೇಕಾದ ಎರಡು ವಿಷಯ ಇವೆ.

ಒಂದು, ಹೂವಿನ ಗುಣ. ಬೆಣ್ಣೆಹಣ್ಣಿನ ಒಂದೇ ಹೂ ಎರಡು ಸಲ ಅರಳುತ್ತದೆ, ಮೊದಲು ಹೆಣ್ಣಾಗಿ, ಆಮೇಲೆ ಗಂಡಾಗಿ. 'ಎ' ಗುಂಪಿನ ತಳಿಗಳಲ್ಲಿ ಮೊದಲ ದಿನ ಬೆಳಗ್ಗೆ ಹೆಣ್ಣು, ಮರುದಿನ ಮಧ್ಯಾಹ್ನ ಗಂಡು. 'ಬಿ' ಗುಂಪಿನಲ್ಲಿ ಮೊದಲ ದಿನ ಮಧ್ಯಾಹ್ನ ಹೆಣ್ಣು, ಮರುದಿನ ಬೆಳಗ್ಗೆ ಗಂಡು. ಎರಡೂ ಗುಂಪಿನ ಮರಗಳು ಹತ್ತಿರ ಇದ್ದರೆ ಜೇನ್ನೊಣ ಒಂದರ ಪರಾಗವನ್ನು ಇನ್ನೊಂದಕ್ಕೆ ಮುಟ್ಟಿಸುತ್ತದೆ, ಕಾಯಿ ಚೆನ್ನಾಗಿ ಕಚ್ಚುತ್ತದೆ. ಹಾಸ್ ತಳಿ 'ಎ' ಗುಂಪಿನದು, ಫ್ಯುಯೆರ್ಟೆ 'ಬಿ' ಗುಂಪಿನದು. ಹೆಸರು ಕೇಳಿ ಒಂದೇ ತಳಿಯನ್ನು ತೋಟದ ತುಂಬ ನೆಡುವವರು ಇದನ್ನು ಯೋಚಿಸಬೇಕು.

ಎರಡು, ಬೇರು. ನೀರು ನಿಂತರೆ ಬೆಣ್ಣೆಹಣ್ಣಿನ ಬೇರು ಕೊಳೆಯುತ್ತದೆ. ಅದಕ್ಕೆ ಕಾರಣವಾಗುವ ಫೈಟೋಫ್ತೊರಾ ಎಂಬ ಶಿಲೀಂಧ್ರದಂಥ ಜೀವಿ ಅಡಿಕೆಯ ಕೊಳೆರೋಗದ ಸಂಬಂಧಿಯೇ. ಮಲೆನಾಡಿನ ಜುಲೈ ಮಳೆಯಲ್ಲಿ ಇಳಿಜಾರು, ಬಸಿಗಾಲುವೆ ನೋಡದೆ ನೆಟ್ಟ ಗಿಡ ಉಳಿಯುವುದು ಕಷ್ಟ. ಕೊಡಗಿನ ಚೆಟ್ಟಳ್ಳಿಯಲ್ಲಿರುವ ಕೇಂದ್ರೀಯ ತೋಟಗಾರಿಕಾ ಪ್ರಯೋಗ ಕೇಂದ್ರ ನಮ್ಮ ಹವೆಯಲ್ಲೇ ಈ ಹಣ್ಣಿನ ಮೇಲೆ ಕೆಲಸ ಮಾಡುತ್ತಿದೆ. ಬೇರೆ ದೇಶದ ವಿಡಿಯೋ ನೋಡಿ ಗುಂಡಿ ತೋಡುವ ಮೊದಲು ಅಲ್ಲಿಗೆ ಒಮ್ಮೆ ಹೋಗಿಬರುವುದು ಒಳ್ಳೆಯದು.

ಇಲ್ಲಿನ ಹಿರಿಯ ಬೆಳೆಗಾರರು ಹೊಸ ಹಣ್ಣು ಅಂದಾಗ ಸ್ವಲ್ಪ ಸುಮ್ಮನಾಗುತ್ತಾರೆ. ಕಾಫಿ ತೋಟದ ಕಿತ್ತಳೆ ಹೇಗೆ ಸೊರಗಿತು ಅಂತ ಅವರು ನೋಡಿದ್ದಾರೆ. ಗ್ರೀನಿಂಗ್, ಟ್ರಿಸ್ಟೆಜಾ, ಬೇರುಕೊಳೆ ರೋಗಗಳು ಒಂದರ ಮೇಲೊಂದು ಬಂದವು. ಹಾಸನದ ಬಯಲಿನಲ್ಲಿ ಆಲೂಗಡ್ಡೆ ಹಾಕಿ ಅಂಗಮಾರಿಗೆ ಸೋತವರಿಗೂ ಬಿತ್ತನೆ ಬೀಜ ಅಂದರೆ ಅದೇ ಅನುಮಾನ. ಈ ನೆನಪುಗಳನ್ನು ಹಳಬರ ಹಟ ಅಂತ ತಳ್ಳಿಹಾಕಬಾರದು. ಅವರು ಕೇಳುವ "ಸಸಿ ಎಲ್ಲಿಂದ ತಂದಿರಿ?" ಎಂಬ ಪ್ರಶ್ನೆ ಅತ್ಯಂತ ಸರಿಯಾದ ಪ್ರಶ್ನೆ.

ತೋಟದಲ್ಲಿ ಕಳೆ ಕೀಳುವವರು, ಹಣ್ಣು ಆರಿಸುವವರು, ವಿಂಗಡಿಸುವವರು ಹೆಚ್ಚಾಗಿ ಹೆಂಗಸರು. ತರಬೇತಿಯ ಕುರ್ಚಿಯಲ್ಲಿ ಕೂರುವವರು ಹೆಚ್ಚಾಗಿ ಗಂಡಸರು. ಎಲೆಯ ಮೊದಲ ಚುಕ್ಕೆಯನ್ನು ನೋಡುವ ಕಣ್ಣಿಗೆ ಆ ಚುಕ್ಕೆ ಏನು ಅಂತ ಯಾರೂ ಹೇಳಿಕೊಟ್ಟಿರುವುದಿಲ್ಲ. ಇದು ನನಗೆ ತುಂಬಾ ಬೇಸರ ತರಿಸುವ ಸಂಗತಿ. ಸರಿಪಡಿಸುವುದೂ ಕಷ್ಟವಲ್ಲ. ತರಬೇತಿಯನ್ನು ಸಭಾಂಗಣದಿಂದ ತೋಟಕ್ಕೆ ತಂದು, ಕೆಲಸದ ಹೊತ್ತಿನಲ್ಲೇ, ಕೆಲಸ ಮಾಡುವವರ ಕೈಗೇ ಕತ್ತರಿ ಕೊಟ್ಟು ಕಲಿಸಬೇಕು.

ನಿಮ್ಮದೇ ತೋಟದಲ್ಲಿ ನೋಡುವ ಬಗೆ

ಹೊಸದೊಂದನ್ನು ಮಾಡಿ ನೋಡಬೇಕು ಅನ್ನುವವರು ಮೊದಲು ಎರಡು ಸಾಲು ಆರಿಸಿಕೊಳ್ಳಿ. ಬೇಲಿ ಪಕ್ಕದ್ದು, ನೀರಿನ ಟ್ಯಾಂಕ್ ಪಕ್ಕದ್ದು ಬೇಡ, ಅಲ್ಲಿನ ಗಿಡಗಳು ಯಾವಾಗಲೂ ಬೇರೆ ಥರ ಇರುತ್ತವೆ. ನಡುವಿನ ಎರಡು ಅಕ್ಕಪಕ್ಕದ ಸಾಲುಗಳಲ್ಲಿ ಒಂದಕ್ಕೆ ಹೊಸ ಪದ್ಧತಿ, ಇನ್ನೊಂದಕ್ಕೆ ನಿಮ್ಮ ಹಳೇ ಪದ್ಧತಿ. ಕಾಂಡಕ್ಕೆ ಬಣ್ಣ ಬಳಿದು ಗುರುತು ಮಾಡಿ. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ. ಗೊಬ್ಬರವನ್ನೂ ಬದಲಿಸಿ, ಕತ್ತರಿಯನ್ನೂ ಹಾಕಿದರೆ ಯಾವುದರಿಂದ ಏನಾಯ್ತು ಅಂತ ಗೊತ್ತಾಗುವುದಿಲ್ಲ. ಕೊಯ್ಲಿನ ದಿನ ಎರಡೂ ಸಾಲನ್ನು ಬೇರೆ ಬೇರೆ ಕ್ರೇಟಿಗೆ ಹಾಕಿ ತೂಗಿ. ತೂಕದ ಜೊತೆ ದಪ್ಪ ಕಾಯಿ ಎಷ್ಟು, ಸಣ್ಣದೆಷ್ಟು, ಕೊಳೆತದ್ದೆಷ್ಟು ಅಂತಲೂ ಬರೆದುಕೊಳ್ಳಿ. ಎಷ್ಟು ಆಳು ಹಿಡಿಯಿತು ಅನ್ನುವುದನ್ನು ಬಿಡಬೇಡಿ, ಎಷ್ಟೋ ಒಳ್ಳೆಯ ಪದ್ಧತಿ ಸೋಲುವುದು ಆ ಲೆಕ್ಕದಲ್ಲೇ. ಒಂದು ವರ್ಷದ ಫಲ ನೋಡಿ ತೀರ್ಮಾನ ಮಾಡುವುದು ಬೇಡ, ಒಂದು ಮಳೆ ವರ್ಷ, ಒಂದು ಒಣ ವರ್ಷ ದಾಟಲಿ. ಆ ಎರಡು ಸಾಲನ್ನು ನೋಡೋಕೆ ಕೊಯ್ಲಿಗೆ ಮೊದಲೇ ಅಕ್ಕಪಕ್ಕದವರನ್ನು ಕರೆಯಿರಿ, ಹೊಸ ಸಾಲು ಸೋತಿದ್ದರೂ ಕರೆಯಿರಿ.